ಬೆಸ ಮರಿ

ಕೂತ ಕೋಳಿಯೆಲ್ಲ ಕಾವಿಗೆ ಕೂತದ್ದಲ್ಲ,
ಅಂದಳು ಎದುವಿನಾ ನಾವೆಲ್ಕಿನ್, ಬೇಲಿಯ ಆಚೆಯಿಂದ.
ಕೆಲವು ಸೋಮಾರಿಗಳು. ಕೆಲವಕ್ಕೆ ಮಳೆ ಆಗದು.
ನಿನ್ನ ಹಾಗೆ, ರೆಮಿಹಿಯೊ,
ಬೆಚ್ಚಗಿನ ಮೂಲೆ ಸಿಕ್ಕಿತೆಂದು ಕೂತವು.

ಹೇಂಟೆ ಅವಳದು. ಕರಿ, ಮೋಟು, ಬಾಲವೇ ಇಲ್ಲದ್ದು.
ಮೊಟ್ಟೆ ನನ್ನವು. ಒಂಬತ್ತು, ನೀಲಿ,
ಚಿಲೋಯೆಯಲ್ಲಿ ಮಳೆ ಬಿಟ್ಟ ಅರ್ಧ ಗಂಟೆ
ಕಡಲಿಗೆ ಬರುವ ಬಣ್ಣ.
ಕರಾರು ಬಾಯಿಮಾತಿನದು, ನಮ್ಮ ಅಜ್ಜಂದಿರ ಕಾಲದ್ದು:
ಮರಿಯಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ.

ಮಗುಚಿ ಹಾಕಿದ ಹಳೇ ದೋಣಿಯ ಅಡಿಗೆ ಬುಟ್ಟಿ ಇಟ್ಟಿದ್ದೆ,
ಗುಡುಗಿಗೆ ಮೊಟ್ಟೆ ಕೆಡದಿರಲೆಂದು
ಹುಲ್ಲಿನೊಳಗೆ ಎರಡು ಮೊಳೆ ಅಡ್ಡಡ್ಡ.
ಹಗಲು ಯಾರು ಬೇಕಾದರೂ ಕೂರುತ್ತಾರೆ,
ರಾತ್ರಿ ನೋಡಬೇಕು, ಉಳಿದವು ಗೂಡು ಸೇರಿದ ಮೇಲೆ,
ಎನ್ನುತ್ತ ಲಾಟೀನು ಹಿಡಿದು ಬಂದಳು.
ಕೈ ಹಾಕು ಅಂದಳು. ಹಾಕಿದೆ.

ಏಳಲಿಲ್ಲ. ಅಗಲವಾಯಿತು,
ರೆಕ್ಕೆ ನೆಲಕ್ಕೆ ಒತ್ತಿ, ಗರಿಯೆಲ್ಲ ನಿಮಿರಿಸಿ.
ಗಂಟಲಲ್ಲಿ ಆಲೂಗಡ್ಡೆಯ ಮಡಕೆ
ಕುದಿಗೆ ಬರುವಾಗಿನ ಸದ್ದು.
ಹೊಟ್ಟೆಯಡಿ ತಡಕಿದರೆ ಗರಿಯೇ ಇಲ್ಲ,
ತಾನೇ ಕಿತ್ತು ಹಾಸಿಕೊಂಡಿದೆ,
ಜ್ವರದ ಮಗುವಿನ ಹಣೆಯಂಥ ಬರಿ ಚರ್ಮ.
ಆಮೇಲೆ ಕುಕ್ಕಿತು, ಮಣಿಕಟ್ಟಿಗೆ, ರಕ್ತ ಬರುವಂತೆ.
ಸಹಿ ಹಾಕಿದಳು ನೋಡು, ಅಂದಳು ಎದುವಿನಾ.

ಬೆಳಿಗ್ಗೆಗೊಮ್ಮೆ ಇಳಿಯುತ್ತಿತ್ತು.
ನಾಲ್ಕು ಕಾಳು, ಎರಡು ಗುಟುಕು, ಒಂದೇ ಒಂದು ಹಿಕ್ಕೆ,
ಮುಷ್ಟಿಯಷ್ಟು. ಅದರ ನಾತಕ್ಕೆ ನಾಯಿಯೂ ಸುತ್ತಿ ಹೋಗುತ್ತಿತ್ತು.
ಅದನ್ನೂ ಎದುವಿನಾ ಬಗ್ಗಿ ನೋಡಿ ತಲೆಯಾಡಿಸಿದಳು.

ಏಳನೆಯ ರಾತ್ರಿ ಮೊಬೈಲಿನ ಬೆಳಕಿಗೆ ಹಿಡಿದೆ.
ಬಿಳಿ ಮೊಟ್ಟೆಯಾದರೆ ಕೆಂಪು ನೂಲು ಕಾಣುತ್ತದಂತೆ.
ನೀಲಿ ಚಿಪ್ಪು ಗುಟ್ಟು ಬಿಡುವುದಿಲ್ಲ.
ನನಗೆ ಕಂಡದ್ದು ನನ್ನದೇ ಬೆರಳ ಮೂಳೆ.

ಹದಿನೆಂಟನೆಯ ದಿನ ಬೋಗುಣಿ ತಂದಳು,
ಮೊಣಕೈ ಅದ್ದಿ ನೀರಿನ ಬಿಸಿ ನೋಡಿ
ಒಂಬತ್ತನ್ನೂ ತೇಲಿಬಿಟ್ಟಳು.
ಉಸಿರು ಬಿಡಬೇಡ, ನೀರು ಅಲುಗುತ್ತೆ.
ಬಿಡಲಿಲ್ಲ.
ಒಂದು ನಡುಗಿತು. ಇನ್ನೊಂದು,
ಒಳಗಿಂದ ಯಾರೋ ಕದ ತಟ್ಟಿದ ಹಾಗೆ, ತುಸು ವಾಲಿತು.
ಏಳು ಅಲುಗಿದವು. ಎರಡು ಸುಮ್ಮನೆ ತೇಲಿದವು.
ಆ ಎರಡನ್ನು ಒರೆಸಿ, ಒಂದೊಂದಾಗಿ
ಮುಚ್ಚಿದ ರೆಪ್ಪೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಳು.
ಒಂದು ತಣ್ಣಗಿದೆ, ಗೊಡ್ಡು.
ಇದು ಬೆಚ್ಚಗಿದೆ, ಆದರೆ ಸುಳ್ಳು.
ಎರಡನ್ನೂ ಎಸೆ.

ಏಳು ಅಂದರೆ ಬೆಸ. ಎಂಟಾದರೆ ಪಾಲಿಗೆ ಸುಲಭ.
ಅವಳು ಬೇಲಿ ದಾಟಿದ್ದೇ ತಡ
ಸುಳ್ಳನ್ನು ಮತ್ತೆ ಹೊಟ್ಟೆಯಡಿ ನೂಕಿದೆ.
ಇನ್ನೊಂದು ಸಹಿ ಬಿತ್ತು.

ಇಪ್ಪತ್ತೊಂದಕ್ಕೆ ಏಳೂ ಒಡೆದವು,
ಒದ್ದೆ, ಕುರೂಪಿ, ಮಧ್ಯಾಹ್ನಕ್ಕೆ ಹತ್ತಿಯುಂಡೆ.
ಮೂರಕ್ಕೆ ಬಾಲವಿಲ್ಲ.
ಮರುದಿನವೂ ಕೂತು, ಅದರ ಮರುದಿನ ಎದ್ದು ಹೋಯಿತು ಕೋಳಿ,
ಎಂಟನೆಯದರ ಕಡೆ ತಿರುಗಿಯೂ ನೋಡದೆ.
ನಾನು ನೋಡಿದೆ. ಉಣ್ಣೆಯ ಟೋಪಿಯಲ್ಲಿ ಸುತ್ತಿ
ಒಲೆಯ ಹತ್ತಿರ ಇಟ್ಟು ಕಿವಿಗೊಟ್ಟೆ.
ನಾಲ್ಕನೆಯ ದಿನ ಸಿಡಿಯಿತು.
ಟೋಪಿ ಸುಟ್ಟೆ, ಕಿಟಕಿ ತೆರೆದೆ.
ಬೇಲಿಯ ಆಚೆ ಎದುವಿನಾ ಮೂಗು ಎತ್ತಿದಳು,
ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.

ಪಾಲಿನ ಮಾತು ನಾನೇ ತೆಗೆದೆ:
ಮೂರು ನಿನಗೆ, ಮೂರು ನನಗೆ, ಆ ಬೆಸ ಮರಿ?
ಕೂತವಳದ್ದು, ಅಂದಳು.
ಆರು ವಾರ ತಾಯಿಂದ ಬಿಡಿಸಬಾರದು,
ಕರಾರಿನಲ್ಲೇ ಇದೆ, ನಿನ್ನಜ್ಜ ಹೇಳಿಲ್ಲವೆ?

ಈಗ ದಿನಾ ಸಂಜೆ ಲಾಟೀನು ಬೇಲಿ ದಾಟುತ್ತದೆ.
ದೋಣಿಯ ಆ ಕಡೆಯಿಂದ ಅವಳು ಎಣಿಸುತ್ತಾಳೆ,
ಈ ಕಡೆಯಿಂದ ನಾನು.
ಕೋಳಿಗೆ ನಮ್ಮಿಬ್ಬರ ಮೇಲೂ ನಂಬಿಕೆಯಿಲ್ಲ.
ನಾವು ಹೋಗುವ ತನಕ
ಒಂದು ಕಣ್ಣು ತೆರೆದೇ ಇಟ್ಟಿರುತ್ತದೆ.