ಮಡಿಕೆ

ಶುಬ್ರಾದ ಓಣಿಯಲ್ಲಿ ಇಸ್ತ್ರಿ ಅಂಗಡಿ ನನ್ನದು, ಹೆಸರು ರಗಬ್.
ಅಪ್ಪ ಕಾಲಲ್ಲಿ ಒತ್ತಿ ತಳ್ಳುತ್ತಿದ್ದ ಆ ಕಬ್ಬಿಣದ ಗಟ್ಟಿ
ಈಗ ಬಾಗಿಲಿಗೆ ಆನಿಕೆ.
ನನ್ನದು ಕರೆಂಟಿನದು, ಕರೆಂಟು ಇದ್ದಾಗ.
ನೀರು ಮಾತ್ರ ಇನ್ನೂ ಬಾಯಿಂದಲೇ ಚಿಮುಕಿಸುತ್ತೇನೆ
ಫುರ್ರ್ ಎಂದು, ಅಪ್ಪನ ಹಾಗೆ.
ಬಾಯಲ್ಲಿ ನೀರು ತುಂಬಿಕೊಂಡವನನ್ನು
ನೀನು ಯಾರ ಪರ ಎಂದು ಯಾರೂ ಕೇಳುವುದಿಲ್ಲ.

ಮೂರು ಗಂಟೆಗೆ ಫಲಿತಾಂಶ ಅಂದಿದ್ದರು.
ಮೂರೂವರೆ. ನಾಲ್ಕು.
ಎದುರಿನ ಕಾಫಿ ಅಂಗಡಿಯ ಟಿವಿಯಲ್ಲಿ
ನ್ಯಾಯಾಧೀಶರು ತಕರಾರುಗಳ ಪಟ್ಟಿ ಓದುತ್ತಲೇ ಇದ್ದಾರೆ,
ಮದುವೆಮನೆಯಲ್ಲಿ ಮುಯ್ಯಿ ಓದಿದ ಹಾಗೆ.

ಮೊಳೆಗೆ ನೇತುಬಿದ್ದಿವೆ ಅಕ್ಕಪಕ್ಕ
ಕರ್ನಲ್ ತೌಫಿಕರ ಖಾಕಿ,
ಶೇಖ್ ಅತೀಯಾರ ಬಿಳಿ ಗಲಬಿಯಾ.
ಎರಡಕ್ಕೂ ಕೊರಳ ಹತ್ತಿರ ಒಂದೇ ಜಾಗದಲ್ಲಿ ಹಳದಿ ಬೆವರು.
ಒಂದಕ್ಕೆ ಗಂಜಿ ಎಷ್ಟಿದ್ದರೂ ಸಾಲದು,
ಇನ್ನೊಂದಕ್ಕೆ ಗಂಜಿಯೇ ಆಗದು.
ಫ್ಯಾನು ತಿರುಗಿದಾಗಲೆಲ್ಲ ಒಂದರ ತೋಳು
ಇನ್ನೊಂದರ ಬೆನ್ನಿಗೆ ತಾಗುತ್ತದೆ.
ತಳ್ಳುತ್ತಿದೆಯೋ ತಬ್ಬುತ್ತಿದೆಯೋ
ಮೂವತ್ತು ವರ್ಷ ನೋಡಿಯೂ ಹೇಳಲಾರೆ.

ಒಳಗೆ ಇಮಾದ್ ಮಲಗಿದ್ದಾನೆ, ಗೋಡೆಗೆ ಮುಖ ಮಾಡಿ.
ಎಡಗಣ್ಣನ್ನು ಚೌಕದಲ್ಲಿ ಬಿಟ್ಟು ಬಂದ ಮಗ.
ಆ ರಾತ್ರಿ ಅವನ ತಲೆಗೆ ಕಟ್ಟಿದ್ದು ಉಮ್ಮ್ ಬಿಶೋಯ್,
ಚರ್ಚಿಗೆ ಹೊದೆಯುವ ಬಟ್ಟೆಯನ್ನೇ ಹರಿದು.
ಉಳಿದರ್ಧವನ್ನು ಆಮೇಲೆ ಇಸ್ತ್ರಿಗೆ ತಂದಳು,
ದುಡ್ಡು ಯಾಕೆ ತಗೊಳ್ಳುವುದಿಲ್ಲ ಎಂದು ಜಗಳ ಕಾದಳು.
ನಿನ್ನೆ ಅವಳೇ ಕೇಳಿದ್ದು:
ಗಡ್ಡದವನು ಗೆದ್ದರೆ ನಮ್ಮ ಗತಿ ಏನು ರಗಬ್?
ಎರಡು ಮೆಟ್ಟಿಲಿಳಿದು, ತಿರುಗಿ,
ಬೂಟಿನವನು ಗೆದ್ದರೆ ಹುಡುಗನ ಕಣ್ಣಿಗೆ ಲೆಕ್ಕ ಕೊಡುವವರು ಯಾರು?

ನಾನು ಮೆಚ್ಚಿದವನು ಮೊದಲ ಸುತ್ತಿನಲ್ಲೇ ಬಿದ್ದ.
ಅವನ ಗುರುತು ಛತ್ರಿ,
ಮಳೆಯೇ ಬಾರದ ಊರಿನಲ್ಲಿ.

ಶಾಲೆಯ ಮುಂದೆ ನಾಲ್ಕು ಗಂಟೆ ಸಾಲು.
ಕಾವಲಿಗೆ ನಿಂತ ಸಿಪಾಯಿ ಮಿನಿಯಾ ಕಡೆಯ ಹುಡುಗ,
ಮೀಸೆ ಇನ್ನೂ ಯೋಚನೆ ಮಾಡುತ್ತಿತ್ತು.
ಮುದುಕಿಯರಿಗೆ ತನ್ನ ಬಾಟಲಿಯ ನೀರು ಹಂಚಿದ.
ಇಮಾದ್ ಅವನನ್ನೇ ನೋಡಿದ, ಇದ್ದ ಒಂದು ಕಣ್ಣಲ್ಲಿ,
ಇವನಾ, ಇವನಂಥವನಾ ಎಂದು.
ಹುಡುಗ ತಲೆ ತಗ್ಗಿಸಿದ.
ಅವನ ಅಂಗಿ ಇಸ್ತ್ರಿ ಕಂಡಿರಲಿಲ್ಲ.

ಪರದೆಯ ಹಿಂದೆ ಒಬ್ಬನೇ.
ಕೈ ತನ್ನ ಚಾಳಿ ಬಿಡಲಿಲ್ಲ,
ಅಂಚಿಗೆ ಅಂಚು ಕೂಡಿಸಿತು, ಉಗುರಲ್ಲಿ ಗೆರೆ ತೀಡಿತು.
ಮಡಿಸಿ ಮುಗಿಸಿದ ಮೇಲೆ ನೆನಪಾಯಿತು
ಗುರುತೇ ಹಾಕಿಲ್ಲ.

ಮಡಿಯಾಗಿರು ಎನ್ನುತ್ತಾರೆ ಶೇಖ್.
ದೇಶಕ್ಕಾಗಿ ಮಡಿ ಎನ್ನುತ್ತಾರೆ ಕರ್ನಲ್.
ನನಗೆ ಬರುವುದು ಮಡಿಸುವುದೊಂದೇ.
ಬಿಚ್ಚಿದೆ. ಹಾಕಿದೆ. ಮತ್ತೆ ಮಡಿಸಿದೆ.
ಹಳೆಯ ಗೆರೆ ಹೋಗಲಿಲ್ಲ, ಪಕ್ಕದಲ್ಲೇ ಇನ್ನೊಂದು ಬಿತ್ತು.
ಎಣಿಸುವವನಿಗೆ ಕಂಡಿರಬಹುದು:
ಯಾರೋ ಒಬ್ಬ ಎರಡು ಸಲ ಯೋಚಿಸಿದ್ದಾನೆ.

ಈಗ ಟಿವಿಯಲ್ಲಿ ಹೆಸರು ಹೇಳಿದರು.
ಮೇಲಿನ ಓಣಿಯಲ್ಲಿ ಪಟಾಕಿ,
ಕೆಳಗಿನ ಓಣಿಯಲ್ಲಿ ಒಂದರ ಹಿಂದೊಂದು ಶಟರು ಇಳಿದ ಸದ್ದು.
ಕರ್ನಲ್ಲರ ಆಳು ಓಡಿಬಂದ, ಶೇಖರ ಮೊಮ್ಮಗನೂ.
ಇಬ್ಬರಿಗೂ ಅರ್ಜೆಂಟು,
ಇಬ್ಬರ ಕೈಯಲ್ಲೂ ಚಿಲ್ಲರೆ ಇಲ್ಲ.
ಬರೆದುಕೊಂಡೆ.

ಅವರು ಹೋದ ಮೇಲೆ ಇಮಾದ್ ಎದ್ದು ಬಂದ.
ಬೆರಳಿನ ಶಾಯಿ ಇನ್ನೂ ನೇರಳೆ.
ಮಾತಿಲ್ಲದೆ ನನ್ನನ್ನು ಸರಿಸಿ
ತನ್ನ ನೀಲಿ ಅಂಗಿ ಮೇಜಿನ ಮೇಲೆ ಹಾಸಿದ.
ನಾಳೆಗಾ? ಎಂದೆ. ಚೌಕಕ್ಕಾ?
ಲೋಟ ಎತ್ತಿ ಬಾಯಿತುಂಬ ನೀರು ತುಂಬಿಕೊಂಡ.

ಚೆನ್ನಾಗಿಯೇ ತೀಡಿದ.
ಎಡತೋಳಿನ ಮೇಲೊಂದು ಸುಕ್ಕು ಉಳಿಯಿತು, ಅವನಿಗೆ ಕಾಣದ ಕಡೆ.
ನಾನು ಹೇಳಲಿಲ್ಲ.