ನೀರಿಗಾಗದ ಕಲ್ಲು

ಐದು ಫೂಟು ಉದ್ದ, ಎರಡು ಅಗಲ, ಎರಡು ಎತ್ತರ,
ಹನ್ನೆರಡು ಎಂಎಂ ಗಾಜು.
ರಾಜೇಸಾಬ ಸಿಲಿಕಾನಿನ ಅಂಚನ್ನು ಹೆಬ್ಬೆರಳಿಂದ ಸವರಿ
"ಎರಡು ದಿನ ಮುಟ್ಟಬ್ಯಾಡ್ರಿ" ಅಂದು ಹೋದ.
ನವನಗರದ ನಮ್ಮ ಪಡಸಾಲೆಯಲ್ಲಿ
ಟಿ.ವಿ. ಇದ್ದ ಜಾಗಕ್ಕೆ ಈಗ
ಬರೀ ಗಾಳಿ ತುಂಬಿದ ಡಬ್ಬಿ.
"ನೀರು ತುಂಬಿದರ ಎಷ್ಟು ಭಾರ?" ಕೇಳಿದಳು ದಾಕ್ಷಾಯಿಣಿ.
ಒಂದು ಎಮ್ಮೆ, ಅದರ ಬೆನ್ನ ಮೇಲೆ
ನಾವು ಮನೆಮಂದಿಯೆಲ್ಲ ಕೂತಷ್ಟು.

ತಳಕ್ಕೆ ಎರೆಮಣ್ಣು, ಮೂರು ಸಲ ಜರಡಿ ಹಿಡಿದು,
ಹತ್ತಿಯ ಬೇರು, ಸುಣ್ಣದ ಹರಳು ಆರಿಸಿ ತೆಗೆದು.
ಮೇಲೆ ಘಟಪ್ರಭೆಯ ಉಸುಕು,
ಹಿಂದೆ ಗೇಣೆತ್ತರ, ಮುಂದೆ ಎರಡು ಬೆರಳು.
ಇಳಿಜಾರಿದ್ದರೆ ದೂರ ಹುಟ್ಟುತ್ತದೆ,
ಐದು ಫೂಟಿನೊಳಗೆ ಐದು ಹರದಾರಿ.

ಕಲ್ಲುಗಳು ಒಂದೊಂದಾಗಿ ಪರೀಕ್ಷೆಗೆ ಕೂತವು.
ಬಾದಾಮಿಯ ಕೆಂಪುಕಲ್ಲಿನ ಮೇಲೆ ಲಿಂಬಿ ಹಿಂಡಿದೆ,
ಸುಮ್ಮನೆ ಕುಡಿದುಕೊಂಡಿತು.
ಇಳಕಲ್ಲಿನ ಗುಲಾಬಿ ಗ್ರಾನೈಟು
ಹನಿಯನ್ನು ಜಾರಿಸಿಬಿಟ್ಟಿತು, ಬ್ಯಾಂಕಿನ ಮ್ಯಾನೇಜರನ ಹಾಗೆ.
ಆಮೇಲೆ ಹಿತ್ತಲಿನಿಂದ ಅದನ್ನು ಎತ್ತಿ ತಂದೆ:
ಹಳೆ ಬಾಗಲಕೋಟೆಯ ಮನೆಯ ಮೂರನೇ ಪಾವಟಿಗೆ,
ಟ್ರ್ಯಾಕ್ಟರಿನಲ್ಲಿ ಬಾಗಿಲು ಕಿಟಕಿಗಳ ಜೊತೆ ಬಂದದ್ದು,
ಇಪ್ಪತ್ತು ವರ್ಷ ತನ್ನ ಮೇಲೆ ಅರಿವೆ ಒಗೆಸಿಕೊಂಡದ್ದು,
ನಡುವೆ ತಗ್ಗು, ಅಂಗಾಲಿನ ಅಳತೆಯದು.
ಇಡೀ ಚಿತ್ರ ಅದರ ಸುತ್ತಲೇ ಬರೆದಿಟ್ಟಿದ್ದೆ,
ಎಡಕ್ಕೆ ಮೂರರಲ್ಲೊಂದು ಪಾಲು ಬಿಟ್ಟು ಅಲ್ಲಿ ಅದು,
ಅದರ ತಗ್ಗಿನೊಳಗೆ ಹುಲ್ಲು.

ಹನಿ ಬಿತ್ತು.
ಬುಸ್ ಅಂತು.
ಬಿಳಿ ನೊರೆ, ತಗ್ಗಿನ ತುಂಬ.
"ಸುಣ್ಣದ ಕಲ್ಲು ರೀ. ಸಿಮೆಂಟ್ ಫ್ಯಾಕ್ಟರಿಗೆ ಒಯ್ಯೂದು."
ನೀರೊಳಗಿಟ್ಟರೆ ದಿನಾ ಒಂದಿಷ್ಟು ಕರಗುತ್ತದೆ,
ನೀರು ಗಡಸಾಗುತ್ತದೆ, ಎಲೆ ಹಳದಿ ತಿರುಗುತ್ತದೆ.
ಉಳಿದ ಪಾವಟಿಗೆಗಳು
ಹಿನ್ನೀರಿನ ಅಡಿಯಲ್ಲಿ ಎಲ್ಲಿವೆಯೋ ಅಲ್ಲಿ
ಇದೇ ಕೆಲಸ ಮಾಡುತ್ತಿರಬೇಕು.
ಲಿಂಬಿಯ ಹೋಳು ಹಿಡಿದುಕೊಂಡೇ ಕೂತೆ.

ಆ ಜಾಗದಲ್ಲಿ ಕೊನೆಗೆ ನಿಂತದ್ದು ಜಾಲಿಯ ಬೇರು.
ಮೂರು ದಿನ ಹಂಡೆಯಲ್ಲಿ ಕುದಿಸಿದ್ದೆವು,
ಕರೀ ಚಹಾ ಚೆಲ್ಲಿ ಚೆಲ್ಲಿ ನೀರು ತಿಳಿಯಾದ ಮೇಲೆ
ಬೇರು ತಾನಾಗಿ ಮುಳುಗಿತು.
ಗುಳೇದಗುಡ್ಡದ ಖಣದ ರೇಷ್ಮೆ ಎಳೆಯಿಂದ
ಅದಕ್ಕೆ ಪಾಚಿ ಕಟ್ಟಿದವಳು ಚಿಗವ್ವ, ಗಂಟು ಕಾಣದ ಹಾಗೆ.
"ಕೂಸಿಗೆ ಕುಂಚಿಗಿ ಕಟ್ಟಿದಂಗ ಆತು ನೋಡು."
ನಾಲ್ಕು ಬಾಟಲಿಗೆ ಮಹಾಲಿಂಗಪುರದ ಬೆಲ್ಲ, ಚಿಟಿಕೆ ಯೀಸ್ಟು,
ಸೆಕೆಂಡಿಗೊಂದು ಗುಳ್ಳೆ ಗಿಡದ ಉಸಿರಿಗೆ.
ಉಸುಕಿನ ಮೇಲೆ ಊಟದ ತಾಟು ಬೋರಲು ಹಾಕಿ
ಅದರ ಮೇಲೆ ಪೈಪು ಬಿಟ್ಟೆ, ಮಣ್ಣಿಗೆ ಗೊತ್ತಾಗದ ಹಾಗೆ.
ತಾಟು ಮುಳುಗಿತು, ಬೇರಿನ ಮೊಣಕಾಲು, ಸೊಂಟ, ಎದೆ.
ನೀರು ಏರುವುದನ್ನು ಚಿಗವ್ವ ನೋಡಲಿಲ್ಲ,
ಒಳಗೆ ಹೋಗಿ ರೊಟ್ಟಿ ಬಡಿದಳು.
ಬಡಿತ ಜೋರಾಗಿತ್ತು.

ಆರು ವಾರ ಮೀನಿಲ್ಲ.
"ಮೀನ ಎಲ್ಲಿ ಅದಾವ?" ಬಂದವರೆಲ್ಲ ಬಗ್ಗಿ ಕೇಳಿದರು.
ಕಣ್ಣಿಗೆ ಕಾಣದ ಜೀವ ಮೊದಲು ಸಂಸಾರ ಹೂಡಬೇಕು ಅಂದೆ.
ಬಾಗವಾನ ಮಾಸ್ತರರು ನಕ್ಕರು:
"ಹೌದಪಾ, ನಮಗೂ ಪ್ಲಾಟ್ ಕೊಟ್ಟ ಮ್ಯಾಲೆ
ನಳ ಬರಾಕ ಎಷ್ಟು ವರ್ಷ ಹಿಡೀತು?"
ಎರಡನೇ ವಾರ ಎಲೆಗಳೆಲ್ಲ ಕರಗಿ ಸಾರಾದವು.
ಬೇರು ಮುಟ್ಟಬಾರದು, ಗೊತ್ತು.
ಒಂದನ್ನು ಕಿತ್ತು ನೋಡಿದೆ.
ಬೆಳ್ಳಗಿತ್ತು. ಮತ್ತೆ ಊರಿದೆ.

ನಿನ್ನೆ ಸಂಜೆ ದೀಪದ ಕೆಳಗೆ
ಹೊಸ ಎಲೆಯೊಂದರ ಅಂಚಿನಿಂದ
ಗುಳ್ಳೆಗಳ ಸರ ಮೇಲಕ್ಕೆ ಹೊರಟಿತು.
ಇದೂ ಬುಸುಗುಟ್ಟುವುದೇ,
ಸದ್ದೊಂದಿಲ್ಲ.

ಪಾವಟಿಗೆ ಈಗ ತೊಟ್ಟಿಯ ಮುಂದೆ, ಒಣನೆಲದ ಮೇಲಿದೆ.
ಮೇಲಿನಿಂದ ಇಣುಕಲು ಚಿಗವ್ವನ ಎತ್ತರ ಸಾಲುವುದಿಲ್ಲ.
ಅದರ ಮೇಲೆ ಹತ್ತಿ, ತಗ್ಗಿನಲ್ಲಿ ಹಿಮ್ಮಡಿ ಊರಿ,
ಗಾಜಿನ ಅಂಚು ಹಿಡಿದು ಬಹಳ ಹೊತ್ತು ನೋಡಿದಳು.
ಆಮೇಲೆ ಬಲಗಡೆಯ ಕೆಂಪುಕಲ್ಲು ತೋರಿಸಿ,
"ಅದನ್ನ ಚೂರು ಈಚೀಗೆ ಸರಸು," ಅಂದಳು,
"ಅಲ್ಲಿ ಹಾದಿ ಐತಿ."