ಬೆನ್ನ ಹಿಂದಿನ ಕ್ಲಿಪ್ಪು

ರುಸ್ತಾವಿಯಲ್ಲಿ ನನ್ನದು ಗೋರಿಕಲ್ಲಿನ ಅಂಗಡಿ.
ಕರಿಕಲ್ಲ ಮೇಲೆ ಸೂಜಿಯಿಂದ ಕುಟ್ಟಿ ಕುಟ್ಟಿ
ಸತ್ತವರ ಮುಖ ಬಿಡಿಸುವುದು ಕಸುಬು.
ಮೂವತ್ತೆರಡು ವರ್ಷ. ಕೆಮ್ಮು ಅದರ ಬಡ್ಡಿ.

ತಂಗಿಯ ಮಗಳು ತೇಕ್ಲಾ, ಆಗ ಹದಿಮೂರು,
ಶಾಲೆ ಬಿಟ್ಟೊಡನೆ ಬಂದು ಕೂರುತ್ತಿದ್ದಳು,
ಜನ ಕೊಟ್ಟ ಫೋಟೋ ದೊಡ್ಡದು ಮಾಡಿಕೊಡಲು.
ಜನ ಏನು ತರುತ್ತಾರೆ? ಉಗುರಗಲದ ಗುರುತಿನ ಚೀಟಿ,
ಮದುವೆಯ ಗುಂಪಿನಿಂದ ಕತ್ತರಿಸಿದ ತಲೆ;
ಹೆಗಲ ಮೇಲೆ ಇನ್ಯಾರದೋ ಕೈ ಉಳಿದಿರುತ್ತದೆ.
ಒಂದು ದಿನ ಕೇಳಿದಳು:
"ಮಾವಾ, ಇಲ್ಲಿ ಮಲಗಿದವರೆಲ್ಲ ಯಾಕೆ
ಪಾಸ್‌ಪೋರ್ಟ್ ಆಫೀಸಿನ ಸಾಲಲ್ಲಿ ನಿಂತ ಮುಖ ಮಾಡಿದ್ದಾರೆ?"
ಉತ್ತರ ಹೊಳೆಯಲಿಲ್ಲ. ಸೂಜಿ ಮಸೆದೆ.

ಹದಿನೇಳಕ್ಕೆ ತ್ಬಿಲಿಸಿಯ ಒಣ ಸೇತುವೆಯ ಸಂತೆಯಲ್ಲಿ
ಪದಕ, ಚಮಚ, ಕಣ್ಣು ಕಿತ್ತ ಗೊಂಬೆಗಳ ನಡುವೆ
ಹಳೇ ರಷ್ಯನ್ ಕ್ಯಾಮೆರಾ ಚೌಕಾಸಿ ಮಾಡಿ ಕೊಂಡಳು.
ಶಟರ್ ಬಿದ್ದರೆ ಬಾಗಿಲು ಬಡಿದ ಸದ್ದು.
ಮೊದಲ ರೋಲು ಪೂರ್ತಿ ಮಸಿ. ಎರಡನೆಯದರಲ್ಲಿ ಒಂದು ನಾಯಿ.
ಮೂರನೆಯದರಲ್ಲಿ ನಾನು, ಬೆನ್ನು ಮಾಡಿಕೊಂಡು.

ಆಮೇಲಿನದೆಲ್ಲ ನಾನು ಫೋನಿನಲ್ಲಿ ಕಂಡದ್ದು:
ಪಾಳು ಬಿದ್ದ ಉಕ್ಕಿನ ಶೆಡ್ಡು,
ಅವಳಪ್ಪ ಹೆಲ್ಮೆಟ್ಟು ಹಾಕಿ ನಿಲ್ಲುತ್ತಿದ್ದ ಜಾಗದಲ್ಲೇ
ಬಿದಿರುಗೋಲಿನಂಥ ಹುಡುಗಿ, ಮೈತುಂಬ ಕೆಂಪು ಗರಿ.
ಒಂದು ಚಿತ್ರಕ್ಕೆ ಆರು ಗಂಟೆ, ಚಳಿ, ಆರಿದ ಖಾಚಪುರಿ ರೊಟ್ಟಿ;
ದುಡ್ಡಿನ ಬದಲು "ನಿನ್ನ ಹೆಸರು ಹಾಕುತ್ತೇವೆ."
ಹೆಸರನ್ನೂ ತಪ್ಪಾಗಿ ಹಾಕಿದರು.
ಹೆಸರು ತಪ್ಪಿದರೆ ನನ್ನ ಕಸುಬಿನಲ್ಲಿ ಇಡೀ ಕಲ್ಲು ನಷ್ಟ;
ಅವಳದರಲ್ಲಿ, ಸಾರಿ ಎಂಬ ಒಂದು ಮೆಸೇಜು.

ಮಿಲಾನಿನವರು ಒಮ್ಮೆ ಕರೆದರು. ಹನ್ನೊಂದು ದಿನ
ಇನ್ನೊಬ್ಬನ ದೀಪ ಹಿಡಿದು ನಿಂತು ಬಂದಳು.
ಹೇಗಿತ್ತೇ ಅಂದೆ. "ಕೈ ನೋಯುತ್ತೆ" ಅಂದಳು.
ಆ ವರ್ಷವೇ ಒಂದು ಮುಖಪುಟ ಬಂತು.
ತಂಗಿ ಅದನ್ನು ಫ್ರಿಜ್ಜಿಗೆ ಅಂಟಿಸಿದಳು, ಅದರ ಮೇಲೆ ಕರೆಂಟಿನ ಬಿಲ್ಲು.

ಹೋದ ಮಾರ್ಚಿನಲ್ಲಿ ಮೂರನೇ ಮಹಡಿಯ ಝುಝುನಾ,
ವಯಸ್ಸು ಎಂಬತ್ತೊಂದು, ಹಲ್ಲು ನಾಲ್ಕು, ಮೆಟ್ಟಿಲಿಳಿದು ಬಂದಳು.
"ಒತಾರ್, ನನ್ನ ಕಲ್ಲು ನಾನಿರುವಾಗಲೇ ಆಗಲಿ.
ಮಕ್ಕಳ ಕೈಗೆ ಬಿಟ್ಟರೆ ಪಿಂಚಣಿ ಪುಸ್ತಕದ ಫೋಟೋ ಕೊಡುತ್ತಾವೆ,
ಅದರಲ್ಲಿ ನಾನು ಕೋಳಿ ಕದ್ದವಳ ಹಾಗಿದ್ದೇನೆ."

ತೇಕ್ಲಾ ಊರಲ್ಲಿದ್ದಳು. ಕಾರಿನ ಡಿಕ್ಕಿಯಲ್ಲಿ
ಮಾರನೇ ದಿನ ಹಿಂತಿರುಗಿಸಬೇಕಾದ ಬೆಳ್ಳಿಬಣ್ಣದ ಕೋಟು,
ಬೆಲೆಚೀಟಿ ಕೀಳುವಂತಿಲ್ಲ, ನನ್ನ ಎರಡು ಕಲ್ಲಿನ ಬೆಲೆ.
ಮುದುಕಿಗೆ ತೊಡಿಸಿದಳು. ಒಳಗೆ ಇನ್ನೂ ಇಬ್ಬರು ಝುಝುನಾ ಹಿಡಿಯುತ್ತಿದ್ದರು.
ಜೇಬಿಂದ ಕ್ಲಿಪ್ಪು ತೆಗೆದು, ಬೆನ್ನ ಹಿಂದೆ
ಹೆಚ್ಚಾದ ಬಟ್ಟೆಯನ್ನೆಲ್ಲ ಮಡಿಸಿ ಕಚ್ಚಿಸಿದಳು,
ಒಂದು, ನಾಲ್ಕು, ಒಂಬತ್ತು, ಒಣಗಲು ಹಾಕಿದ ಹಾಗೆ.
"ಎಲ್ಲರಿಗೂ ಹೀಗೇ ಮಾಡೋದು ಮಾವಾ. ಮುಂದಿಂದ ಕಾಣಲ್ಲ."

ಕಿಟಕಿಯ ಬಳಿ ನಿಲ್ಲಿಸಿ ಸುಮ್ಮನಾದಳು.
ನಗು ಅನ್ನಲಿಲ್ಲ, ಗಲ್ಲ ಎತ್ತು ಅನ್ನಲಿಲ್ಲ.
ಮುದುಕಿಗೆ ಬೇಸರ ಬಂತು, ಬೇಸರ ಹೋಯಿತು,
ಕೆಳಗೆ ಬೀದಿಯಲ್ಲಿ ಆಲೂಗಡ್ಡೆಯವ ತೂಕ ಹೊಡೆಯುವುದು ಕಂಡಿತು,
ಬೈಯಲು ಬಾಯಿ ತೆರೆಯುವ ಮುಂಚಿನ ಅರೆಗಳಿಗೆ
ಬಾಗಿಲು ಬಡಿದ ಸದ್ದು.

ಆ ಕಲ್ಲನ್ನು ಮೆಷಿನ್ನಿಗೆ ಕೊಡಲಿಲ್ಲ.
ನಲವತ್ತು ರಾತ್ರಿ ಕೂತು ಕುಟ್ಟಿದೆ.
ಹುಟ್ಟಿದ ಇಸವಿಯ ಪಕ್ಕ ಗೀಟೆಳೆದು ಜಾಗ ಬಿಟ್ಟಿದ್ದೇನೆ.
ಝುಝುನಾ ಭಾನುವಾರ ಬಂದು ತಲೆವಸ್ತ್ರದಿಂದ ಧೂಳೊರೆಸಿ
"ಯಾರಿವಳು, ದುಡ್ಡಿನ ಸೊಕ್ಕಿನವಳು" ಎಂದು ನಗುತ್ತಾಳೆ.

ಆದರೆ ಕಲ್ಲಿಗೆ ಬೆನ್ನೂ ಇದೆ.
ಒರಟು, ನಯ ಮಾಡದ್ದು, ಗೋಡೆಗೆ ಆನಿಸಿದರೆ ಮುಗಿಯಿತು.
ನಿನ್ನೆ ಅಂಗಡಿ ಮುಚ್ಚಿದ ಮೇಲೆ
ಅಲ್ಲಿ ಒಂಬತ್ತು ಕ್ಲಿಪ್ಪು ಕೊರೆದೆ.
ತೇಕ್ಲಾಗೆ ಹೇಳಿಲ್ಲ.
ಹೇಳಿದರೆ ಫೋಟೋ ತೆಗೆದಾಳು.